ಪಾಪಾಸುಕಳ್ಳಿಗೆ ಉತ್ತೇಜಕ: ಯಾವಾಗ, ಎಲ್ಲಿ?

ಬರಕ್ಕೇ ಜಗ್ಗದ ಪಾಪಾಸುಕಳ್ಳಿಗೆ ಜೈವಿಕ ಉತ್ತೇಜಕ ಯಾಕೆ ಅಂತ ಕೇಳುವವರಿದ್ದಾರೆ. ಬೇಲಿಯಲ್ಲಿ ಬದುಕಿರುವುದು ಬೇರೆ, ಬೆಳೆಯಾಗಿ ಹಣ್ಣು, ಮೇವು ಕೊಡುವುದೇ ಬೇರೆ. ಇಟಲಿಯ ಸಿಸಿಲಿಯಲ್ಲಿ ರೈತರು ಮೇ-ಜೂನ್‌ನಲ್ಲಿ ಮೊದಲ ಹೂವನ್ನೆಲ್ಲ ಕಿತ್ತುಹಾಕಿ, ಗಿಡ ಮತ್ತೆ ಹೂ ಬಿಡುವಂತೆ ಮಾಡಿ, ಅಕ್ಟೋಬರ್ ಹೊತ್ತಿಗೆ ದಪ್ಪ ಹಣ್ಣು ತೆಗೆಯುತ್ತಾರೆ. ಇಷ್ಟು ದುಡಿಯುವ ಗಿಡಕ್ಕೆ ಬೇರಿನ ಬಲ ಬೇಕೇ ಬೇಕು. ಹ್ಯೂಮಿಕ್ ಆಮ್ಲ, ಕಡಲಪಾಚಿ ಸಾರ, ಮೈಕೊರೈಜಾ ಶಿಲೀಂಧ್ರದಂಥ ಉತ್ತೇಜಕಗಳು ನೆರವಾಗುವುದು ಅಲ್ಲೇ. ಕಳ್ಳಿಯ ಬೇರು ಬಹುಪಾಲು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಅದು ಮುಟ್ಟಲಾಗದ ಕಡೆಯಿಂದ ಮೈಕೊರೈಜಾದ ಸಣ್ಣ ಎಳೆಗಳು ರಂಜಕ ತಂದುಕೊಡುತ್ತವೆ. ಹಾಗಾಗಿ ನಾಟಿಯ ಹೊತ್ತೇ ಒಳ್ಳೆಯ ಹೊತ್ತು: ಕತ್ತರಿಸಿದ ಹಲಗೆಯನ್ನು (ಕಳ್ಳಿಯ ಚಪ್ಪಟೆ ಕಾಂಡವನ್ನು) ನೆರಳಲ್ಲಿಟ್ಟು, ಗಾಯ ಮಾಗಿದ ಮೇಲೆ ನೆಡುವಾಗ, ಉತ್ತೇಜಕವನ್ನು ಗುಂಡಿಯ ಮಣ್ಣಿಗೇ ಬೆರೆಸಿಬಿಡಿ. ಮಧ್ಯಾಹ್ನ ಮೇಲಿಂದ ಸಿಂಪಡಿಸಿದರೆ ಹೆಚ್ಚಿನದು ವ್ಯರ್ಥ. ಕಳ್ಳಿಯ ರಂಧ್ರಗಳು ತೆರೆಯುವುದು ರಾತ್ರಿ, ಮೈಮೇಲೆ ಮೇಣದ ಪದರ ಬೇರೆ. ಸಿಂಪಡಿಸಲೇಬೇಕೆಂದರೆ ಹೊತ್ತು ಮುಳುಗಿದ ಮೇಲೆ.

ಇದೆಲ್ಲ ಮಾರುವವರ ಮಾತು, ಗೊಬ್ಬರವೇ ಸಾಕು ಅನ್ನುವ ಅನುಮಾನದಲ್ಲಿ ಹುರುಳಿದೆ. ಉತ್ತೇಜಕ ಗೊಬ್ಬರವಲ್ಲ, ಮಣ್ಣಿನಲ್ಲಿ ಇರುವುದನ್ನು ಗಿಡ ಚೆನ್ನಾಗಿ ಹೀರಿಕೊಳ್ಳಲು ಅದೊಂದು ನೆರವು, ಅಷ್ಟೆ. ಕೊಟ್ಟಿಗೆ ಗೊಬ್ಬರವನ್ನೇ ಕಾಣದ ಹೊಲದಲ್ಲಿ ಅದು ಪವಾಡ ಮಾಡದು, ನೀರು ನಿಲ್ಲುವ ಜಾಗದಲ್ಲಿ ಕೊಳೆಯುವ ಬೇರನ್ನೂ ಉಳಿಸದು. ನಮ್ಮ ದೇಶದಲ್ಲಿ 2021ರಿಂದ ಜೈವಿಕ ಉತ್ತೇಜಕಗಳೂ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿವೆ. ಬಾಟಲಿಯ ಮೇಲಿನ ವಿವರ ಓದಿಯೇ ಕೊಳ್ಳಿ. ಒಂದು ಸಾಲಿಗೆ ಏನೂ ಹಾಕದೆ ಬಿಟ್ಟು, ಮಳೆಗಾಲ ಮುಗಿದ ಮೇಲೆ ಎರಡೂ ಕಡೆ ಹೊಸ ಹಲಗೆ ಎಷ್ಟು ಬಂದಿವೆ ಎಣಿಸಿ.