ಎನ್‌ಫೀಲ್ಡ್ ತೋಟಾದ ಕಾಗದ

೧೮೫೭ರ ದಂಗೆಯ ಪ್ರಸ್ತಾಪ ಬಂದಾಗ ನಾವು ಕೊಬ್ಬಿನ ಮಾತನ್ನಾಡುತ್ತೇವೆ. ಕೊಬ್ಬು ಸವರಿದ ಆ ಕಾಗದದ ಕೆಲಸವೇನೆಂಬುದನ್ನು ವಿಚಾರಿಸುವುದು ವಿರಳ. ಅದು ಕೇವಲ ಹೊದಿಕೆಯಾಗಿರಲಿಲ್ಲ. ೧೮೫೩ರ ಮಾದರಿಯ ಎನ್‌ಫೀಲ್ಡ್ ಕೋವಿಯ ನಳಿಗೆಯ ರಂಧ್ರ ೦.೫೭೭ ಅಂಗುಲ; ಮೊದಲಲ್ಲಿ ಬಳಕೆಯಲ್ಲಿದ್ದ ಸೀಸದ ಗುಂಡು ೦.೫೬೮ ಅಂಗುಲ. ಈ ಕೂದಲೆಳೆಯ ಅಂತರವನ್ನು ತುಂಬುತ್ತಿದ್ದುದು ಗುಂಡಿಗೆ ಸುತ್ತಿದ ಕಾಗದವೇ. ಸಿಪಾಯಿಯು ತೋಟಾದ ಒಂದು ತುದಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ತೋಟಾವನ್ನು ತಿರುವಿ, ಗುಂಡನ್ನು ಕಾಗದಸಮೇತ ಒಳಕ್ಕೆ ತೂರಿಸಿ, ಮಿಕ್ಕ ಕಾಗದವನ್ನು ಕಿತ್ತೆಸೆದು, ಕೋಲಿನಿಂದ ಜಡಿಯುತ್ತಿದ್ದನು. ಹಲ್ಲು ಹರಿಯುತ್ತಿದ್ದುದು ಮದ್ದಿನ ತುದಿಯನ್ನು, ಕೊಬ್ಬಿದ್ದುದು ಗುಂಡಿನ ತುದಿಗೆ ಎಂಬುದು ಗಮನಾರ್ಹ. ಹಾರಿಸಿದಾಗ ಗುಂಡಿನ ಟೊಳ್ಳು ಬುಡ ಹಿಗ್ಗಿ ನಳಿಗೆಯ ಸುರುಳಿ ಕೊರೆತಗಳನ್ನು ಹಿಡಿಯುತ್ತಿತ್ತು. ನಡುವೆ ಕಾಗದವಿದ್ದುದರಿಂದ ಸೀಸವು ಲೋಹಕ್ಕೆ ಮೆತ್ತುತ್ತಿರಲಿಲ್ಲ. ಕಪ್ಪುಮದ್ದು ಉರಿದು ಉಳಿಸುವ ಗಟ್ಟಿ ಮಸಿಯನ್ನು ಮೆದುಗೊಳಿಸುವುದು ಕೊಬ್ಬಿನ ಕೆಲಸ; ಅದಿಲ್ಲದಿದ್ದರೆ ಕೆಲವೇ ಹೊಡೆತಗಳ ಅನಂತರ ಮುಂದಿನ ಗುಂಡು ಇಳಿಯುವುದೇ ಕಷ್ಟ.

ಸಿಪಾಯಿಗಳು ತಮಗೊಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದು ೧೮೫೭ರ ಜನವರಿಯಲ್ಲಿ ಅಧಿಕಾರಿಗಳು ಒಪ್ಪಿದರು. ಮದ್ದಿನ ತುದಿಯನ್ನು ಕೈಯಿಂದ ಹರಿಯಲು ಅನುಮತಿ ದೊರೆತುದು ಮಾರ್ಚ್‌ನಲ್ಲಿ. ಆದರೆ ಅಷ್ಟರೊಳಗೆ, ಫೆಬ್ರುವರಿಯಲ್ಲಿ ಬ್ಯಾರಕ್‌ಪುರದಲ್ಲಿ ನಡೆದ ವಿಚಾರಣೆಯಲ್ಲಿ ಸಿಪಾಯಿಗಳು ಕಾಗದದ ಹೊಳಪನ್ನೇ ಶಂಕಿಸಿದ್ದರು. ಜಿಡ್ಡನ್ನು ಬದಲಿಸಬಹುದಾಗಿತ್ತು, ಕಾಗದವನ್ನು ಬಿಟ್ಟು ಆ ಕೋವಿಯನ್ನು ತುಂಬುವ ಕ್ರಮವೇ ಇರಲಿಲ್ಲ.