ಕುಂಬ್ಳೆಯ ‘ಳ’ಕಾರ ಎಲ್ಲಿ ಹೋಯಿತು?

1999ನೆಯ ಇಸವಿ ಫೆಬ್ರವರಿ 7ರಂದು ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ವಾಸಿಮ್ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದೊಡನೆ ಪಾಕಿಸ್ತಾನದ ಹತ್ತೂ ವಿಕೆಟುಗಳು ಒಬ್ಬರೇ ಬೌಲರ ಪಾಲಾದುವು. ಕೊಟ್ಟದ್ದು 74 ರನ್ನು. ಅನಿಲ್ ಕುಂಬ್ಳೆಯವರ ಹೆಸರು ಕ್ರಿಕೆಟ್ ಆಡುವ ದೇಶಗಳ ಮನೆಮನೆಯಲ್ಲೂ ಮೊಳಗಿತು. 2008ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಗಳಿಸಿದ್ದ ಟೆಸ್ಟ್ ವಿಕೆಟುಗಳು 619. ಇಷ್ಟೆಲ್ಲ ಸಂಪಾದಿಸಿದ ಮಹನೀಯರಿಗೆ ಇಂಗ್ಲಿಷ್ ಮತ್ತು ಹಿಂದಿ ವೀಕ್ಷಕ ವಿವರಣೆಗಾರರಿಂದ ಒಂದು ‘ಳ’ಕಾರವನ್ನು ಮಾತ್ರ ದಕ್ಕಿಸಿಕೊಳ್ಳಲಾಗಲಿಲ್ಲ. ಅವರ ಬಾಯಲ್ಲಿ ಅವರು ಇಂದಿಗೂ ‘ಕುಂಬ್ಲೆ’ಯೇ.

ಕಾಸರಗೋಡಿನ ಕುಂಬಳೆ ಕನ್ನಡಿಗರಿಗೆ ಹೊಸತಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರೆಂದು ಬಲ್ಲವರು ಬಹಳ. ಆ ಊರಿನ ಹೆಸರು ನಾಲಗೆ ಮಡಿಸದೆ ಹೊರಡುವಂತಹುದಲ್ಲ. ಇಂಗ್ಲಿಷರ ಬಾಯಿಗೆ ‘ಳ’ ಒಗ್ಗದು, ಒಪ್ಪೋಣ. ಮರಾಠಿಯಲ್ಲಿ ಮಾತ್ರ ‘ಳ’ಕಾರ ಧಾರಾಳವಾಗಿ ಉಂಟು, ಮುಂಬಯಿಯಿಂದ ಬಂದ ವಿವರಣೆಗಾರರಿಗೆ ಆ ನೆಪವೂ ಇಲ್ಲ!

ವಿವರಣೆಗಾರರ ಮೇಲೆ ಅಭಿಮಾನಿಗಳು ಹೊರಿಸುವ ದೂರುಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಹೆಸರಿನ ದೂರೇ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ನ್ಯಾಯವಾದದ್ದು. ಮೂಲದೋಷ ರೋಮನ್ ಲಿಪಿಯದು. ದಕ್ಷಿಣದವರು ‘ತ’ಕಾರಕ್ಕೆ ಟಿ ಮತ್ತು ಎಚ್ ಎಂಬ ಎರಡು ಅಕ್ಷರ ಬರೆಯುವುದು ವಾಡಿಕೆ, ಉತ್ತರದವರಿಗೆ ಅದೇ ಜೋಡಿ ‘ಥ’ಕಾರ. ಹೀಗಾಗಿ ಕೊಡಗಿನ ಮನೆತನದ ರಾಬಿನ್ ಉತ್ತಪ್ಪ ಹಿಂದಿಯಲ್ಲಿ ‘ಉಥಪ್ಪಾ’ ಆಗಿ, ಅಚ್ಚಿನಲ್ಲೂ ಹಾಗೆಯೇ ನಿಂತುಬಿಟ್ಟರು. ಜಾವಗಲ್ ಶ್ರೀನಾಥರದು ಇನ್ನೊಂದು ಬಗೆ. ಜಾವಗಲ್ಲು ಹಾಸನ ಜಿಲ್ಲೆಯ ಊರು, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೆಸರಾದದ್ದು. ಊರ ಹೆಸರನ್ನು ಮೊದಲಿಟ್ಟುಕೊಳ್ಳುವ ನಮ್ಮ ಪದ್ಧತಿಯನ್ನು ಅರಿಯದವರಿಗೆ ಅದೇ ಅವರ ‘ಮೊದಲ ಹೆಸರು’! ಹಾಸನದ ಕಡೆಯ ಹಿರಿಯರು ಇದನ್ನು ಕೇಳಿ ನಕ್ಕಿದ್ದರೆ ಆಶ್ಚರ್ಯವಿಲ್ಲ.

ಇವೆಲ್ಲ ನಕ್ಕು ಮರೆಯಬಹುದಾದ ತಪ್ಪುಗಳು. ತಪ್ಪು ತಾತ್ಸಾರವಾದಾಗ ಮಾತು ಬೇರೆ. 2018ರ ಡಿಸೆಂಬರ್ 26ರಂದು ಬೆಂಗಳೂರಿನ ಮಯಾಂಕ್ ಅಗರ್ವಾಲ್ ಮೆಲ್ಬರ್ನ್ ಮೈದಾನದಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದರು. ಹಿಂದಿನ ವರ್ಷ ರಣಜಿ ಪಂದ್ಯದಲ್ಲಿ ಮಹಾರಾಷ್ಟ್ರದ ವಿರುದ್ಧ ಔಟಾಗದೆ 304 ರನ್ನು ಹೊಡೆದವರು. ಆಸ್ಟ್ರೇಲಿಯದ ವಿವರಣೆಗಾರ ಕೆರಿ ಓಕೀಫ್, ಆ ತ್ರಿಶತಕವನ್ನು ಅವರು ಯಾವುದೋ ರೈಲ್ವೆ ಕ್ಯಾಂಟೀನಿನ ನೌಕರರ ಎದುರು ಹೊಡೆದಿರಬೇಕೆಂದು ಪರಿಹಾಸ ಮಾಡಿದ. ಅಷ್ಟಕ್ಕೆ ನಿಲ್ಲದೆ, ಅದೇ ಪಂದ್ಯದಲ್ಲಿ ಚೇತೇಶ್ವರ ಪೂಜಾರ ಮತ್ತು ಜಡೇಜ ಇವರ ಹೆಸರುಗಳನ್ನು ಕಲಸಿ, ಮಗುವಿಗೆ ಇಂತಹ ಹೆಸರನ್ನು ಯಾಕಾದರೂ ಇಡುತ್ತಾರೋ ಎಂದ. ಕೇಳಿದವರು ಕೆರಳಿದರು, ಕಡೆಗೆ ಬಹಿರಂಗ ಪತ್ರ ಬರೆದು ಕ್ಷಮೆ ಬೇಡಬೇಕಾಯಿತು. ಮಯಾಂಕ್ ಆ ದಿನ 76 ರನ್ನು ಗಳಿಸಿದ್ದರು. ಉಚ್ಚರಿಸಲು ಕಷ್ಟವೆನಿಸಿದ ಹೆಸರಿನ ಪೂಜಾರರು ಅದೇ ಇನ್ನಿಂಗ್ಸಿನಲ್ಲಿ 106 ಹೊಡೆದರು, ಸರಣಿಯಲ್ಲಿ ಒಟ್ಟು 521. ಆಸ್ಟ್ರೇಲಿಯದ ನೆಲದಲ್ಲಿ ಭಾರತ ಮೊತ್ತಮೊದಲ ಬಾರಿಗೆ ಸರಣಿ ಗೆದ್ದಿತು.

ಪೂಜಾರರ ಗ್ರಹಚಾರ ಅಲ್ಲಿಗೂ ಮುಗಿಯಲಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ತಂಡದಲ್ಲಿ ಆಡುತ್ತಿದ್ದಾಗ, ಚೇತೇಶ್ವರ ಎನ್ನಲು ಬಾರದೆಂದು ಅವರಿಗೆ ‘ಸ್ಟೀವ್’ ಎಂದು ಹೆಸರಿಟ್ಟಿದ್ದರು. 2020ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟಿನ ವೇಳೆ ಶೇನ್ ವಾರ್ನ್ ಅದನ್ನೇ ವಿವರಣೆಯಲ್ಲಿ ಎತ್ತಿಕೊಂಡಾಗ ಅದು ವಿನೋದವೆಂದು ಯಾರಿಗೂ ತೋರಲಿಲ್ಲ. ಆ ಅಡ್ಡಹೆಸರನ್ನು ಬಳಸಿದ್ದ ಸಹ ಆಟಗಾರನೊಬ್ಬ 2021ರಲ್ಲಿ ಕ್ಷಮೆ ಕೋರಿದ. ತಂದೆತಾಯಿ ಇಟ್ಟ ಹೆಸರು ನಾಲಗೆಗೆ ತೊಡಕಾಯಿತೆಂದು ಬೇರೆ ಹೆಸರಿಡುವ ಅಧಿಕಾರವನ್ನು ಯಾರು ಯಾರಿಗೆ ಕೊಟ್ಟರು?

ಹೆಸರಿನ ಒಡೆಯನೇ ಒಪ್ಪಿದರೆ ತಕರಾರಿಲ್ಲ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬೆಳೆದ ಮಾರ್ನಸ್ ಲಾಬುಶೇನರ ಮನೆತನದ ಹೆಸರಿಗೆ ಆಫ್ರಿಕಾನ್ಸ್ ಭಾಷೆಯಲ್ಲಿ ಗಂಟಲಿನಿಂದ ಹೊರಡುವ ಬೇರೆಯೇ ಉಚ್ಚಾರ. ಅವರು ಆಸ್ಟ್ರೇಲಿಯನರ ‘ಲಾಬುಶೇನ್’ಗೆ ತಲೆದೂಗಿದ್ದಾರೆ, ವಿವರಣೆಗಾರರು ಬದುಕಿಕೊಂಡರು.

ಇನ್ನು ಮಾತಿನ ಚಾಳಿ. ರವಿ ಶಾಸ್ತ್ರಿಯವರ ಚೆಂಡು ಎಂದೂ ಸುಮ್ಮನೆ ಬೌಂಡರಿಗೆ ಹೋಗದು, ‘ಟ್ರೇಸರ್ ಬುಲೆಟ್’ನಂತೆ ಹೋಗಬೇಕು. ಅದು ಅವರ ಸ್ವಂತ ಸೊತ್ತು, ಇರಲಿ. ಹಣಕ್ಕೆ ಮಾರಿದ ಚಾಳಿ ಹೆಚ್ಚು ಕಿರಿಕಿರಿಯದು. 2008ರಿಂದ 2012ರವರೆಗೆ ಐ.ಪಿ.ಎಲ್. ಪಂದ್ಯಗಳಲ್ಲಿ ಸಿಕ್ಸರ್ ಎಂಬ ಶಬ್ದಕ್ಕೇ ಬರಗಾಲ ಬಂದಿತ್ತು. ಪ್ರಾಯೋಜಕರ ಹೆಸರು ಸೇರಿಸಿ ‘ಡಿ.ಎಲ್.ಎಫ್. ಮ್ಯಾಕ್ಸಿಮಮ್’ ಎಂದೇ ಕೂಗಬೇಕು. ಪ್ರಾಯೋಜಕರು ಹೋದರು, ‘ಮ್ಯಾಕ್ಸಿಮಮ್’ ಉಳಿಯಿತು.

ಚಾಳಿಯಿದ್ದವರೆಲ್ಲ ಬೇಸರ ತರುತ್ತಾರೆಂದೂ ಇಲ್ಲ. ರಿಚಿ ಬೆನಾಡ್ ‘ಟೂ’ ಎನ್ನುವುದು ‘ಚೂ’ ಎಂದು ಕೇಳಿಸುತ್ತಿತ್ತು. ಎರಡು ವಿಕೆಟಿಗೆ ಇಪ್ಪತ್ತೆರಡು ರನ್ನಾದರಂತೂ ಕೇಳುವವರಿಗೆ ಹಬ್ಬ. ಬಿಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಹಾಸ್ಯಗಾರ ಆ ದನಿಯನ್ನು ಅಣಕಿಸಿಯೇ ಹೆಸರು ಮಾಡಿದ. ಆದರೂ 2015ರಲ್ಲಿ ಬೆನಾಡ್ ತೀರಿಕೊಂಡಾಗ ಕ್ರಿಕೆಟ್ ಲೋಕವೇ ಮರುಗಿತು. ಚಿತ್ರ ತೋರಿಸುವುದಕ್ಕಿಂತ ಹೆಚ್ಚಿನದೇನಾದರೂ ಹೇಳಲಿದ್ದರೆ ಮಾತ್ರ ಬಾಯಿ ತೆರೆಯಬೇಕೆಂಬುದು ಅವರ ವ್ರತ. ಆಕಾಶವಾಣಿಯಲ್ಲಿ ಚೆಂಡು ಎಲ್ಲಿ ಹೋಯಿತೆಂದು ಹೇಳದೆ ವಿಧಿಯಿಲ್ಲ. ಟೆಲಿವಿಷನ್ನಿನ ಮುಂದೆ ಕುಳಿತವನಿಗೆ ಕಣ್ಣಿದೆ.

2018ರ ಐ.ಪಿ.ಎಲ್. ಪಂದ್ಯಗಳಿಂದ ಟೆಲಿವಿಷನ್ನಿನಲ್ಲಿ ಕನ್ನಡ ವಿವರಣೆಯೂ ದೊರೆಯಿತು. ವಿಜಯ್ ಭಾರದ್ವಾಜ್ ಮೊದಲಾದ ಮಾಜಿ ಆಟಗಾರರು ಮೈಕಿನ ಮುಂದೆ ಕುಳಿತರು. ಕುಂಬ್ಳೆಗೆ ‘ಳ’ವೂ ಉತ್ತಪ್ಪನಿಗೆ ‘ತ’ವೂ ಮರಳಿ ಬಂದುವು. ಈಗ ಪರೀಕ್ಷೆ ನಮ್ಮವರದು. ದಕ್ಷಿಣ ಆಫ್ರಿಕದ ಮಾರ್ಕೊ ಯಾನ್ಸನ್ನರ ಹೆಸರು ರೋಮನ್ ಲಿಪಿಯಲ್ಲಿ ಜೆ ಅಕ್ಷರದಿಂದ ಆರಂಭವಾಗುತ್ತದೆ. ಅದನ್ನು ‘ಜಾನ್ಸನ್’ ಎಂದು ಓದಿಬಿಡುವುದು ಸುಲಭ. ಡು ಪ್ಲೆಸಿಯವರ ಹೆಸರಿನ ಕೊನೆಯ ‘ಸ್’ಕಾರವನ್ನು ನುಂಗಬೇಕೆಂಬುದನ್ನು, ಪಾಪ, ಯಾರಾದರೂ ಹೇಳಿಕೊಡಬೇಕು. ಕೇಳುವುದಕ್ಕೆ ದೂರ ಹೋಗಬೇಕಾದ್ದೂ ಇಲ್ಲ. ಟಾಸಿಗೆ ಮೊದಲು ಆಟಗಾರನೂ ವಿವರಣೆಗಾರನೂ ನಿಲ್ಲುವುದು ಒಂದೇ ಹುಲ್ಲಿನ ಮೇಲೆ.