ಯಾರಿಗೆ ಈ ಮದ್ದು?

1998ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸ್ತನ ಕ್ಯಾನ್ಸರಿಗೆ ಟ್ರಾಸ್ಟುಜುಮಾಬ್ ಎಂಬ ಹೊಸ ಮದ್ದನ್ನು ಒಪ್ಪಿತು. ಅದರ ಜೊತೆಗೇ ಆ ಮದ್ದು ಯಾರಿಗೆ ನಾಟುತ್ತದೆಂದು ತಿಳಿಸುವ ಪರೀಕ್ಷೆಯೊಂದಕ್ಕೂ ಒಪ್ಪಿಗೆ ಸಿಕ್ಕಿತು. ಈ ಎರಡರಲ್ಲಿ ಪರೀಕ್ಷೆಯ ಪಾಲು ಮದ್ದಿನ ಪಾಲಿಗಿಂತ ಕಡಿಮೆಯದಲ್ಲ ಎಂಬುದೇ ನನ್ನ ವಾದ. ಕತೆ ಶುರುವಾಗಿದ್ದು ಕೆಟ್ಟ ಸುದ್ದಿಯಿಂದ. 1987ರಲ್ಲಿ ಲಾಸ್ ಏಂಜಲೀಸಿನ ವೈದ್ಯ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಸ್ತನಗೆಡ್ಡೆಗಳನ್ನು ಪರಿಶೀಲಿಸಿದರು. ಸುಮಾರು ಶೇ 30ರಷ್ಟರಲ್ಲಿ ಹರ್-2 ಎಂಬ ಜೀನಿನ ಪ್ರತಿಗಳು ಮಿತಿಮೀರಿದ್ದವು. ಆ ಮಹಿಳೆಯರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತಿತ್ತು, ಸಾವೂ ಬೇಗ ಬರುತ್ತಿತ್ತು. ಈ ಜೀನು ತಯಾರಿಸುವ ಪ್ರೋಟೀನು ಕೋಶದ ಹೊರಮೈ ಮೇಲೆ ಕೂತು ಬೆಳೆಯಲು ಸಂಕೇತ ಕೊಡುತ್ತದೆ; ಹೊರಮೈ ಮೇಲಿರುವುದರಿಂದಲೇ ಪ್ರತಿಕಾಯವೊಂದು ಅದಕ್ಕೆ ಅಂಟಿಕೊಳ್ಳಬಲ್ಲದು. ಜೆನೆನ್‌ಟೆಕ್ ಕಂಪನಿ ತಯಾರಿಸಿದ ಟ್ರಾಸ್ಟುಜುಮಾಬ್ ಅಂಥ ಪ್ರತಿಕಾಯ. ಹೀಗೆ ಅಪಾಯದ ಗುರುತೇ ಚಿಕಿತ್ಸೆಯ ಗುರಿಯಾಯಿತು.

ಮದ್ದನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗದಲ್ಲಿದ್ದವರು 469 ಮಹಿಳೆಯರು. ಎಲ್ಲರಿಗೂ ಕಾಯಿಲೆ ಬೇರೆಡೆಗೆ ಹರಡಿತ್ತು, ಎಲ್ಲರ ಗೆಡ್ಡೆಯಲ್ಲೂ ಹರ್-2 ಹೆಚ್ಚಿತ್ತು. ಬರೀ ಕಿಮೊಥೆರಪಿ ಪಡೆದವರು ಬದುಕುಳಿದ ಅವಧಿಯ ಮಧ್ಯಾಂಕ 20.3 ತಿಂಗಳು, ಜೊತೆಗೆ ಈ ಮದ್ದನ್ನೂ ಪಡೆದವರದು 25.1. ಗುರುತು ನೋಡದೆ ಸಿಕ್ಕವರನ್ನೆಲ್ಲ ಸೇರಿಸಿಕೊಂಡಿದ್ದರೆ? ಈಗಿನ ಅಂದಾಜಿನಲ್ಲಿ ಹರ್-2 ಹೆಚ್ಚಿರುವುದು ಐವರಲ್ಲಿ ಒಬ್ಬರಿಗೆ. ಉಳಿದ ನಾಲ್ವರ ಲೆಕ್ಕದಲ್ಲಿ ಆ ಅಂತರ ಬಹುಮಟ್ಟಿಗೆ ಕರಗಿಹೋಗಿ, ಕೆಲಸಕ್ಕೆ ಬಾರದ ಮದ್ದೆಂದು ಅದು ಮೂಲೆ ಸೇರುತ್ತಿತ್ತು. ಇನ್ನೂ ಒಂದು ಮಾತಿದೆ. ಆಂತ್ರಾಸೈಕ್ಲಿನ್ ಎಂಬ ಬಗೆಯ ಕಿಮೊ ಜೊತೆ ಈ ಮದ್ದನ್ನು ಕೊಟ್ಟಾಗ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಹೃದಯಕ್ಕೆ ತೊಂದರೆಯಾಯಿತು. ಲಾಭವೇ ಇಲ್ಲದವರ ಮೇಲೆ ಈ ಅಪಾಯ ಹೇರುವುದು ಅನ್ಯಾಯ.

ರೋಗಿಗಳನ್ನು ಹೀಗೆ ಗುಂಪು ಮಾಡುತ್ತ ಹೋದರೆ ಒಂದೊಂದು ಗುಂಪೂ ಚಿಕ್ಕದಾಗಿ ಮದ್ದು ದುಬಾರಿಯಾಗುತ್ತದೆ ಎನ್ನುವವರಿದ್ದಾರೆ. ಬೆಲೆಯ ಹೊರೆ ನಿಜ. ಆದರೆ ಅದನ್ನು ಇಳಿಸುವ ದಾರಿ ಪರೀಕ್ಷೆ ಬಿಡುವುದಲ್ಲ, ಪೈಪೋಟಿ ತರುವುದು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದನ್ನು ಬಹುವಾಗಿ ಹೋಲುವ ಮದ್ದೊಂದನ್ನು ಕಡಿಮೆ ಬೆಲೆಗೆ ಭಾರತದ ಮಾರುಕಟ್ಟೆಗೆ ತಂದಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮಾಬನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಅನೇಕರ ಕೈಗೆ ಇದು ಇನ್ನೂ ಎಟುಕುತ್ತಿಲ್ಲ. ಮದ್ದು ವಿರಳವಾದ ಕಡೆ ಅದು ವ್ಯರ್ಥವಾಗದಂತೆ ಕಾಯುವುದು ಪರೀಕ್ಷೆಯೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಗುಂಪಿನ ಗೆರೆ ಎಳೆದವರು ಮನುಷ್ಯರೇ ಅಲ್ಲವೇ? ಹೌದು. ಪ್ಯಾಥಾಲಜಿಸ್ಟ್ ಗೆಡ್ಡೆಯ ತೆಳುಪದರವನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಾರೆ. ಕೋಶದ ಸುತ್ತ ದಟ್ಟ ಕಂದು ಬಳೆ ಮೂಡಿದರೆ ಅಂಕ 3. ಮಾಸಲು ಅಂಚಿದ್ದರೆ 1. ನಡುವಿನ 2 ಬಂದರೆ ಜೀನಿನ ಪ್ರತಿಗಳನ್ನೇ ಎಣಿಸಬೇಕು. ಈ ಓದಿನಲ್ಲಿ ಕಣ್ಣಿನ ತೀರ್ಮಾನವೂ ಸೇರಿದೆ. ಸುಮಾರು ಶೇ 20ರಷ್ಟು ಹರ್-2 ಪರೀಕ್ಷೆಗಳು ತಪ್ಪಿರಬಹುದೆಂದು 2007ರಲ್ಲಿ ಅಮೆರಿಕದ ತಜ್ಞರೇ ಎಚ್ಚರಿಸಿ ನಿಯಮ ಬಿಗಿ ಮಾಡಿದರು. 2022ರಲ್ಲಿ ಗೆರೆಯೇ ಸರಿಯಿತು: ಟ್ರಾಸ್ಟುಜುಮಾಬಿಗೆ ವಿಷದ ಅಣುಗಳನ್ನು ಜೋಡಿಸಿದ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಮದ್ದು, ಅಲ್ಲಿಯವರೆಗೆ ‘ನೆಗೆಟಿವ್’ ಎನಿಸಿಕೊಂಡಿದ್ದ ಕಡಿಮೆ ಅಂಕದವರಿಗೂ ನೆರವಾಯಿತು. ಆಕ್ಷೇಪಿಸುವವರು ಇದನ್ನು ಹರ್-2ನಂಥ ಸೂಚಕಗಳ ಸೋಲೆನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಅಂಕಗಳನ್ನು ಅಳೆದು ಬರೆದಿಟ್ಟಿದ್ದರಿಂದಲೇ ಈ ಮಹಿಳೆಯರನ್ನು ಮತ್ತೆ ಗುರುತಿಸಲು ಸಾಧ್ಯವಾಯಿತು.

ಹಾಗಾಗಿ ರೋಗಿಯ ಕೈಗೆ ಕೊಡುವ ವರದಿಯಲ್ಲಿ ‘ನೆಗೆಟಿವ್’ ಎಂಬ ಒಂದೇ ಪದ ಸಾಲದು, ಅಂಕ ಇರಲೇಬೇಕು. ಅದಕ್ಕೂ ಮುಂಚಿನ ಕೆಲಸ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದೆ. ಪರೀಕ್ಷೆ ಸರಿಬರಬೇಕಾದರೆ, ತೆಗೆದ ತುಣುಕು ಒಂದು ಗಂಟೆಯೊಳಗೆ, ಅದನ್ನು ಕೆಡದಂತಿಡುವ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಜಿಲ್ಲಾ ಆಸ್ಪತ್ರೆಯಿಂದ ದೂರದ ಲ್ಯಾಬಿಗೆ ಹೊರಡುವ ಡಬ್ಬಿಯ ಮೇಲೆ ತುಣುಕು ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಬರೆದು ಕಳಿಸಲು ಬೇಕಾಗುವುದು ಒಂದು ಪೆನ್ನು ಮಾತ್ರ.